ಮಣ್ಣು ಮೆತ್ತಿದ ಬುಟ್ಟಿ ತೇಲುವುದಿಲ್ಲ: ಕನ್ನಡ ಬೈಬಲ್ ಅನುವಾದಕರಿಗೊಂದು ಬಹಿರಂಗ ಪತ್ರ

ಕನ್ನಡ ಬೈಬಲ್ಲಿನ ಅನುವಾದ, ಪರಿಷ್ಕರಣೆಯ ಹೊಣೆ ಹೊತ್ತಿರುವ ಹಿರಿಯರಿಗೆ, ಹಾಗೂ ಸಂಡೇ ಸ್ಕೂಲಿನ ಪಾಠಪುಸ್ತಕ ಸಿದ್ಧಪಡಿಸುವ ಸಂಪಾದಕರಿಗೆ,

ಕರ್ತನ ನಾಮದಲ್ಲಿ ವಂದನೆಗಳು.

ನಾನು ಹೊಸಪೇಟೆಯ ಕಡೆಯವನು. 31 ವರ್ಷ ರಸ್ತೆ ಕೆಲಸದ ಮೇಲ್ವಿಚಾರಕನಾಗಿ ದುಡಿದು ನಿವೃತ್ತನಾದೆ. ನಮ್ಮ ಸಭೆಯಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತೇನೆ. ಹೀಬ್ರೂ ಭಾಷೆಯನ್ನು ನಿವೃತ್ತಿಯ ಮೇಲೆ ನಮ್ಮ ಹಿಂದಿನ ಅಯ್ಯನವರ ಹತ್ತಿರ ಕೂತು ಕಲಿತೆ. ನಿಘಂಟು ಪಕ್ಕದಲ್ಲಿದ್ದರೆ ಅಕ್ಷರ ಕೂಡಿಸಿ ಓದಬಲ್ಲೆ, ಅಷ್ಟೇ.

ಒಂದು ಪದದ ವಿಷಯವಾಗಿ ಬರೆಯುತ್ತಿದ್ದೇನೆ. ಮೋಶೆಯ ಬುಟ್ಟಿಗೆ ಹಚ್ಚಿದ್ದನ್ನು ಹೇಳುವ ಹೀಬ್ರೂ ಪದ 'ಹೇಮಾರ್', ಅಂದರೆ ಡಾಂಬರು. ಅದನ್ನು ನಮ್ಮ ಪಾಠಪುಸ್ತಕ ಜೇಡಿಮಣ್ಣು ಎಂದಿದೆ. ಇದೇ ವಿಷಯವನ್ನು ಅಂಚೆಯಲ್ಲಿ ಎರಡು ಸಲ ಬರೆದು ತಿಳಿಸಿದ್ದೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ನಾಲ್ಕು ಸಾಲು ಬಂತು: ಆ ಪದಕ್ಕೆ ಅಂಟುಮಣ್ಣು ಎಂಬ ಅರ್ಥವೂ ಇದೆ, ಮಕ್ಕಳಿಗೆ ಅಷ್ಟು ಸಾಕು ಅಂತ. ಮಕ್ಕಳಿಗೆ ಅಷ್ಟು ಸಾಲದು ಅಂತ ನನಗೆ ತೋರಿಸಿದ್ದೇ ಒಂದು ಮಗು. ಅದಕ್ಕೇ ಈಗ ಎಲ್ಲರ ಎದುರು ಇಡುತ್ತಿದ್ದೇನೆ.

ಕಳೆದ ಜುಲೈಯಲ್ಲಿ ಮೋಶೆಯ ಹುಟ್ಟಿನ ಪಾಠ ಇತ್ತು. ಫರೋಹನ ಆಳುಗಳಿಗೆ ಹೆದರಿ ಮೂರು ತಿಂಗಳು ಕೂಸನ್ನು ಬಚ್ಚಿಟ್ಟ ತಾಯಿ, ಇನ್ನು ಆಗದು ಎಂದಾಗ ಆಪು ಎಂಬ ಜೊಂಡುಹುಲ್ಲಿನ ಬುಟ್ಟಿ ಮಾಡಿ, ಅದರಲ್ಲಿ ಕೂಸನ್ನು ಮಲಗಿಸಿ, ನದಿಯ ದಂಡೆಯ ಜೊಂಡಿನ ನಡುವೆ ಇಡುತ್ತಾಳೆ. ಪಾಠಪುಸ್ತಕದಲ್ಲಿ 'ನೀರು ಸೋರದಂತೆ ಜೇಡಿಮಣ್ಣು ಮೆತ್ತಿದಳು' ಎಂದಿತ್ತು. ಓದಿದೆ. ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತಳು. ಅವರ ಮನೆಯವರು ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರು.

"ಸಾರ್, ಮಣ್ಣು ಮೆತ್ತಿದ್ರೆ ತೇಲತೈತೇನ್ ಸಾರ್? ನಮ್ಮಪ್ಪ ಅರಗೋಲಿಗೆ ಡಾಂಬರು ಹಚ್ತಾನಲ್ಲ."

ಉಳಿದ ಮಕ್ಕಳು ನಕ್ಕರು. ನನಗೆ ಮಾತ್ರ ನಾಚಿಕೆಯಾಯಿತು. ಹತ್ತಾರು ವರ್ಷ ಆ ಪಾಠ ಹೇಳಿದ್ದೇನೆ, ಜೀವನವೆಲ್ಲ ಡಾಂಬರಿನ ಡ್ರಮ್ಮುಗಳ ನಡುವೆ ಕಳೆದಿದ್ದೇನೆ. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಮುಂದಿನ ಭಾನುವಾರಕ್ಕೆ ಎರಡು ಬಿದಿರಿನ ಬುಟ್ಟಿ ತಂದೆ. ಒಂದಕ್ಕೆ ಕೆರೆಯ ಜೇಡಿಮಣ್ಣನ್ನು ಚೆನ್ನಾಗಿ ನಾದಿ, ಒಳಗೂ ಹೊರಗೂ ಬೆರಳು ದಪ್ಪ ಮೆತ್ತಿ ಎರಡು ದಿನ ನೆರಳಲ್ಲಿ ಒಣಗಿಸಿದ್ದೆ. ಇನ್ನೊಂದಕ್ಕೆ ಆ ಹುಡುಗಿಯ ಅಪ್ಪನೇ, ಹರಿಗೋಲಿಗೆ ಹಚ್ಚಿ ಉಳಿದ ಡಾಂಬರನ್ನು ತಗಡಿನ ಡಬ್ಬಿಯಲ್ಲಿ ಕಾಯಿಸಿ, ಕೋಲಿಗೆ ಚಿಂದಿ ಸುತ್ತಿ ಬಳಿದು ಕೊಟ್ಟಿದ್ದ. ಗುಡಿಯ ಹಿಂದಿನ ನೀರಿನ ತೊಟ್ಟಿಯಲ್ಲಿ ಎರಡನ್ನೂ ಬಿಟ್ಟು, ತಲಾ ಒಂದು ಕಿಲೋ ಅಕ್ಕಿಯ ಗಂಟು ಇಟ್ಟೆವು. ಮಣ್ಣಿನ ಬುಟ್ಟಿ ಒಣಗುವಾಗಲೇ ಸಣ್ಣಗೆ ಬಿರುಕು ಬಿಟ್ಟಿತ್ತು. ನೀರಿಗೆ ಇಳಿದ ಸ್ವಲ್ಪ ಹೊತ್ತಿಗೆ ಸುತ್ತಲಿನ ನೀರು ಕೆಂಪಗಾಯಿತು, ಒಂದು ಮಗ್ಗುಲಿನ ಮಣ್ಣು ಜಾರಿತು, ಬುಟ್ಟಿ ವಾಲಿ ಅಕ್ಕಿ ತೊಯ್ದು ತಳ ಸೇರಿತು. ಡಾಂಬರಿನ ಬುಟ್ಟಿಯನ್ನು ಹಾಗೇ ಬಿಟ್ಟು ಆರಾಧನೆಗೆ ಹೋದೆವು. ಆರಾಧನೆ ಮುಗಿಸಿ ಬಂದು ಒಳಗೆ ಕೈಯಿಟ್ಟು ನೋಡಿದರೆ ಅಂಗೈಗೆ ಒಂದು ಹನಿ ತೇವ ತಾಕಲಿಲ್ಲ.

ಕೂಸನ್ನು ನೀರಿಗೆ ಬಿಡುವ ತಾಯಿ ಮಣ್ಣು ಮೆತ್ತುತ್ತಾಳೆಯೇ? ನಮ್ಮ ಪುಸ್ತಕ ಆಕೆಯನ್ನು ಏನೂ ತಿಳಿಯದವಳನ್ನಾಗಿ ಮಾಡಿಬಿಟ್ಟಿದೆ. ಮೂಲದಲ್ಲಿ ಆಕೆ ಅಂಥವಳಲ್ಲ.

ಮೂಲದ ಮಾತು ಹೀಗಿದೆ. ವಿಮೋಚನಕಾಂಡ 2:3ರಲ್ಲಿ ಇರುವ ಹೀಬ್ರೂ ಪದ 'ಹೇಮಾರ್'. ಆ ವಾಕ್ಯದ ಕ್ರಿಯಾಪದವೂ ಅದೇ ಧಾತುವಿನದು. ನಾವು 'ಡಾಂಬರು ಹಾಕಿದಳು' ಅನ್ನುವ ಹಾಗೆ, ಹೇಮಾರಿನ ಕೆಲಸವನ್ನು ಹೇಮಾರಿನಿಂದಲೇ ಮಾಡಿದಳು ಎಂದು ಅಲ್ಲಿದೆ. ಅದರ ಜತೆಗೆ 'ಜೆಫೆತ್' ಎಂಬ ಇನ್ನೊಂದು ಪದಾರ್ಥವೂ ಇದೆ. ಅರಬ್ಬಿಯಲ್ಲಿ ಇಂದಿಗೂ ಕರಿ ಡಾಂಬರಿಗೆ 'ಜಿಫ್ತ್' ಅನ್ನುತ್ತಾರೆ. ಯೆಶಾಯ 34:9ರಲ್ಲಿ ಎದೋಮಿನ ಹಳ್ಳಗಳು ಜೆಫೆತ್ ಆಗಿ ಹರಿದು ಉರಿಯುತ್ತವೆ ಎನ್ನುವಾಗಲೂ ಇದೇ ಪದ. ಎರಡು ಬೇರೆ ಬೇರೆ ಜಲನಿರೋಧಕ ವಸ್ತುಗಳನ್ನು ಹಚ್ಚಿದ ತಾಯಿ ಆಕೆ.

ಹೇಮಾರ್ ಎಂಬ ಈ ನಾಮಪದ ಹಳೇ ಒಡಂಬಡಿಕೆಯಲ್ಲಿ ಬರುವುದು ಬರೀ ಮೂರು ಕಡೆ: ಬಾಬೆಲಿನ ಗೋಪುರದಲ್ಲಿ, ಸಿದ್ದೀಮ್ ತಗ್ಗಿನಲ್ಲಿ, ಮೋಶೆಯ ಬುಟ್ಟಿಯಲ್ಲಿ. ಮೂರು ಕಡೆಯೂ ಅರ್ಥ ಒಂದೇ, ನೆಲದೊಳಗಿಂದ ಉಕ್ಕುವ ಕರಿ ಅಂಟು. ಕ್ರಿಸ್ತಪೂರ್ವದಲ್ಲೇ ಇದನ್ನು ಗ್ರೀಕಿಗೆ ತಂದ ಯೆಹೂದಿ ವಿದ್ವಾಂಸರು 'ಆಸ್ಫಾಲ್ಟೋಸ್' ಎಂದರು. ಮೋಶೆಯ ಬುಟ್ಟಿಯ ಹತ್ತಿರ ಬಂದಾಗ ಎರಡು ವಸ್ತುಗಳನ್ನೂ ಸೇರಿಸಿ 'ಆಸ್ಫಾಲ್ಟೋಪಿಸ್ಸ' ಎಂಬ ಒಂದೇ ಜೋಡುಪದ ಹಾಕಿದರು. ಲ್ಯಾಟಿನ್ನಿಗೆ ತಂದ ಜೆರೋಮ್ ಮೂರೂ ಕಡೆ 'ಬಿಟುಮೆನ್' ಎಂದ. ಇಷ್ಟು ಹಳಬರಿಗೆ ಇಲ್ಲದ ಗೊಂದಲ ನಮ್ಮಲ್ಲಿಗೆ ಹೇಗೆ ಬಂತು?

ನನಗೆ ತಿಳಿದಂತೆ ಎರಡು ದಾರಿಯಿಂದ ಬಂದಿದೆ. ಒಂದು, ಹೀಬ್ರೂ ಲಿಪಿಯದೇ ದಾರಿ. ಅಲ್ಲಿ ವ್ಯಂಜನಗಳನ್ನು ಮಾತ್ರ ಬರೆಯುತ್ತಿದ್ದರು, ಸ್ವರದ ಚುಕ್ಕೆಗಳನ್ನು ಎಷ್ಟೋ ಶತಮಾನಗಳಾದ ಮೇಲೆ ಸೇರಿಸಿದರು. ಆ ಚುಕ್ಕೆಗಳಿಲ್ಲದೆ ಬರೆದರೆ ಡಾಂಬರಿನ ಹೇಮಾರ್, ಜೇಡಿಮಣ್ಣಿನ ಹೋಮೆರ್ ಎರಡೂ ಒಂದೇ ಮೂರಕ್ಷರ. ಇನ್ನೊಂದು ಇಂಗ್ಲಿಷಿನ ದಾರಿ. 1611ರ ಕಿಂಗ್ ಜೇಮ್ಸ್ ಬೈಬಲ್ಲು ಮೂರೂ ಕಡೆ 'ಸ್ಲೈಮ್' ಎಂದು ಹಾಕಿತು. ಆ ಕಾಲದ ಇಂಗ್ಲಿಷಿನಲ್ಲಿ ಆ ಪದಕ್ಕೆ ಡಾಂಬರಿನ ಅರ್ಥವೂ ಇತ್ತು. ಆಮೇಲೆ ಅದು ಬರೀ ಲೋಳೆ, ಕೆಸರು ಎಂದಾಯಿತು. ಇಂಗ್ಲಿಷ್ ಪುಸ್ತಕ ಮುಂದಿಟ್ಟುಕೊಂಡು ಪಾಠ ಬರೆದವರ ಕೈಯಲ್ಲಿ ಕೆಸರು ಜೇಡಿಮಣ್ಣಾಯಿತು. ತಪ್ಪು ಯಾರದೂ ಅಲ್ಲ ಎಂದೇ ಇಟ್ಟುಕೊಳ್ಳೋಣ. ತಿಳಿದ ಮೇಲೂ ಹಾಗೇ ಬಿಡುವುದು ತಪ್ಪು.

ಆಕಾಶ ಮುಟ್ಟುವ ಗೋಪುರ ಕಟ್ಟಲು ಜನ ಹೊರಟ ಬಾಬೆಲಿನ ಕಥೆಗೆ ಬರುತ್ತೇನೆ. ಆದಿಕಾಂಡ 11:3. ಇಲ್ಲಿ ಪದ ತಪ್ಪಿದರೆ ಇಡೀ ವಾಕ್ಯವೇ ಸತ್ತುಹೋಗುತ್ತದೆ. ಕಥೆ ಹೇಳುವವನು ಕಾನಾನಿನ ಬೆಟ್ಟದ ನಾಡಿನವರ ಮುಂದೆ ಹೇಳುತ್ತಿದ್ದಾನೆ. ಅವರಿಗೆ ಕಲ್ಲು ಕೈಗೆಟುಕುವಷ್ಟು ಹತ್ತಿರ. ಆ ಗೋಪುರ ಕಟ್ಟಿದ ಶಿನಾರ್ ದೇಶವೋ ಯೂಫ್ರೆಟಿಸ್, ಟೈಗ್ರಿಸ್ ನದಿಗಳು ತಂದು ಹಾಕಿದ ಮೆಕ್ಕಲು ಬಯಲು. ಅಲ್ಲಿ ಕಟ್ಟಡದ ಕಲ್ಲು ಸಿಗುವುದಿಲ್ಲ. ಅದಕ್ಕೇ ಆತ ವಿವರಿಸುತ್ತಾನೆ: ಅವರಿಗೆ ಇಟ್ಟಿಗೆಯೇ ಕಲ್ಲು, ಡಾಂಬರೇ ಗಾರೆ. ಹೀಬ್ರೂವಿನಲ್ಲಿ ಇದು ಕಿವಿಗೆ ಇಂಪಾದ ಮಾತು. ಇಟ್ಟಿಗೆಗೆ 'ಲೆವೇನಾ', ಕಲ್ಲಿಗೆ 'ಎವೆನ್'. ಡಾಂಬರಿಗೆ 'ಹೇಮಾರ್', ಗಾರೆಗೆ 'ಹೋಮೆರ್'. ಹೌದು, ಮಣ್ಣಿನ ಅರ್ಥದ ಆ ಹೋಮೆರ್ ಇದೇ ವಾಕ್ಯದಲ್ಲಿ ಹೇಮಾರಿನ ಪಕ್ಕದಲ್ಲೇ ಕೂತಿದೆ. ಬರೆದವನು ಎರಡನ್ನೂ ಬೇರೆ ಬೇರೆ ಎಂದು ಎತ್ತಿ ತೋರಿಸುತ್ತಿದ್ದಾನೆ. ಅಲ್ಲಿ 'ಗಾರೆಯ ಬದಲು ಜೇಡಿಮಣ್ಣು' ಎಂದು ಬರೆದರೆ ನಮ್ಮ ಹಳ್ಳಿಯವರು ಏನನ್ನಬೇಕು? ಕೆಸರಿನಲ್ಲಿ ಗೋಡೆ ಕಟ್ಟುವುದು ಎಲ್ಲ ಊರಲ್ಲೂ ಇದ್ದದ್ದೇ. ಅದರಲ್ಲಿ ಬೆರಗೇನು?

ಇದು ಕಥೆಯ ಅಲಂಕಾರವೂ ಅಲ್ಲ. ಹಳೆಯ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬಾಬಿಲೋನಿನ ಗೋಡೆಯ ವಿಷಯ ಬರೆಯುವಾಗ, ಕಾಯಿಸಿದ ಡಾಂಬರನ್ನೇ ಗಾರೆಯಾಗಿ ಬಳಸಿದರು, 30 ವರಸೆ ಇಟ್ಟಿಗೆಗೊಮ್ಮೆ ಜೊಂಡಿನ ಚಾಪೆ ಹಾಸಿದರು ಎನ್ನುತ್ತಾನೆ. ಆ ಡಾಂಬರು ಎಂಟು ದಿನದ ದಾರಿಯ 'ಇಸ್' ಎಂಬ ಊರಿನದು. ಇರಾಕಿನಲ್ಲಿ ಯೂಫ್ರೆಟಿಸ್ ದಂಡೆಯ ಇಂದಿನ ಹೀತ್ ಪಟ್ಟಣವೇ ಅದು. ಅದೇ ನಾಡಿನ ಊರ್ ನಗರದಲ್ಲಿ ಉರ್‌ನಮ್ಮು ದೊರೆ 4,000 ವರ್ಷಗಳ ಹಿಂದೆ ಕಟ್ಟಿಸಿದ ಜಿಗ್ಗುರಾತ್ ಎಂಬ ಮೆಟ್ಟಿಲು ಗೋಪುರ ಇನ್ನೂ ನಿಂತಿದೆ. ಸುಟ್ಟ ಇಟ್ಟಿಗೆಗಳ ನಡುವಿನ ಕರಿ ಡಾಂಬರು ಈಗಲೂ ಕಣ್ಣಿಗೆ ಕಾಣುತ್ತದೆ. ನಮ್ಮ ಮಕ್ಕಳಿಗೆ ಬಾಬೆಲನ್ನು ಕಣ್ಣಿಗೆ ಕಟ್ಟುವಂತೆ ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಒಂದು ಪದ ತಪ್ಪಾದ್ದರಿಂದ ಆ ಬಾಗಿಲು ಮುಚ್ಚಿದೆ.

ಸಿದ್ದೀಮ್ ತಗ್ಗಿನ ಮಾತು ಆದಿಕಾಂಡ 14:10ರಲ್ಲಿ ಬರುತ್ತದೆ. ಸೊದೋಮ್, ಗೊಮೋರದ ಅರಸರು ಸೋತು ಓಡುವಾಗ ಅಲ್ಲಿನ ಡಾಂಬರಿನ ಗುಂಡಿಗಳಲ್ಲಿ ಬೀಳುತ್ತಾರೆ. ಮೂಲದಲ್ಲಿ 'ಬೆಏರೋತ್ ಬೆಏರೋತ್ ಹೇಮಾರ್' ಎಂದು ಗುಂಡಿಗಳು ಎಂಬ ಅರ್ಥದ ಪದ ಎರಡು ಸಲ ಬರುತ್ತದೆ. ಎಷ್ಟೋ ಭಾಷೆಯವರು ಇದನ್ನು 'ತುಂಬ ಗುಂಡಿಗಳು' ಎಂದು ಸುತ್ತಿ ಹೇಳಬೇಕು. ಕನ್ನಡಕ್ಕೆ ಆ ಕಷ್ಟವೇ ಇಲ್ಲ. 'ರಸ್ತೆಯೆಲ್ಲ ಗುಂಡಿ ಗುಂಡಿ' ಎಂದು ನಾವು ದಿನಾ ಅನ್ನುತ್ತೇವೆ. 'ಆ ತಗ್ಗಿನ ತುಂಬ ಡಾಂಬರಿನ ಗುಂಡಿ ಗುಂಡಿ' ಎಂದರೆ ಮೂಲದ ಉಸಿರು ಹಾಗೇ ಕನ್ನಡಕ್ಕೆ ಇಳಿಯುತ್ತದೆ. ಇಂಥ ಭಾಗ್ಯವನ್ನು ಅನುವಾದಕರು ಕೈಬಿಡಬಾರದು.

ಮಣ್ಣಿನ ಗುಂಡಿಗೆ ಬಿದ್ದವನು ಎದ್ದು ಬರುತ್ತಾನೆ. ಡಾಂಬರು ಬಿಡುವುದಿಲ್ಲ. ಒಮ್ಮೆ ಕೂಡ್ಲಿಗಿ ರಸ್ತೆಯಲ್ಲಿ ಕೆಲಸ ನಡೆದಿತ್ತು. ಬೇಸಿಗೆಯ ಬಿಸಿಲಿಗೆ ಒಂದು ಡ್ರಮ್ಮು ಸೋರಿ ಚಾಪೆಯಗಲ ಡಾಂಬರು ಹರಡಿತ್ತು. ಬೆಳಗ್ಗೆ ನೋಡಿದರೆ ನಾಯಿಮರಿಯೊಂದು ಅದರಲ್ಲಿ ಸಿಕ್ಕಿ ಕುಂಯ್‌ಗುಡುತ್ತಿತ್ತು. ಒಂದು ಕಾಲು ಎತ್ತಿದರೆ ಇನ್ನೊಂದು ಕಾಲು ಆಳಕ್ಕೆ ಇಳಿಯುತ್ತಿತ್ತು. ನಾವು ಮೂವರು ಒಳ್ಳೆಣ್ಣೆ ಸುರಿದು, ಬೆರಳಲ್ಲಿ ಬಿಡಿಸಿ ಬಿಡಿಸಿ ಅದನ್ನು ಹೊರಗೆ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಂದಿನಿಂದ ಸೊದೋಮಿನ ಅರಸರ ಆ ವಾಕ್ಯ ಓದುವಾಗಲೆಲ್ಲ ನನಗೆ ಆ ಮರಿಯ ಕಾಲು ನೆನಪಾಗುತ್ತದೆ. ಸಿದ್ದೀಮ್ ತಗ್ಗು ಉಪ್ಪಿನ ಸಮುದ್ರವೇ, ಅಂದರೆ ಈಗಿನ ಮೃತ ಸಮುದ್ರವೇ, ಎಂದು ಅದೇ ಅಧ್ಯಾಯ ಹೇಳುತ್ತದೆ. ಆ ಸಮುದ್ರಕ್ಕೆ ಗ್ರೀಕರು, ರೋಮನರು ಡಾಂಬರಿನ ಸರೋವರವೆಂದೇ ಹೆಸರಿಟ್ಟಿದ್ದರು. ತಲೆಯಿಲ್ಲದ ಹೋರಿಗಳಷ್ಟು ದೊಡ್ಡ ಕರಿ ಗಡ್ಡೆಗಳು ನೀರಿನ ಮೇಲೆ ತೇಲಿಬರುತ್ತವೆ, ದೋಣಿಯವರು ಎಳೆದು ತುಂಬಿಕೊಳ್ಳುತ್ತಾರೆ ಎಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ.

ಹಾಗಾದರೆ ಕನ್ನಡದಲ್ಲಿ ಯಾವ ಪದ ಇಡಬೇಕು? ಇದರಲ್ಲಿ ಭಿನ್ನಾಭಿಪ್ರಾಯ ಇರಬಹುದು, ನನ್ನ ಅಭಿಪ್ರಾಯ ಹೇಳುತ್ತೇನೆ.

ನಮ್ಮ ಅವ್ವ ಈ ಕಥೆ ಹೇಳುವಾಗ 'ಕಲ್ಲರಗು' ಅನ್ನುತ್ತಿದ್ದಳು. ಒಳ್ಳೆಯ ಪದ. ಸಂಸ್ಕೃತದ 'ಶಿಲಾಜತು' ಬಿಡಿಸಿದರೂ ಅದೇ ಅರ್ಥ: ಶಿಲೆ ಎಂದರೆ ಕಲ್ಲು, ಜತು ಎಂದರೆ ಅರಗು. ಪಾಂಡವರನ್ನು ಸುಡಲು ಕಟ್ಟಿದ ಜತುಗೃಹವೇ ಅರಗಿನ ಮನೆ. ಹಳಬರು ಕಲ್ಲಿನಿಂದ ಒಸರುವ ಅರಗು ಎಂದು ಕಂಡುಕೊಂಡ ಪದ ಅದು, ಮಣ್ಣಿಗಿಂತ ನೂರು ಪಾಲು ಮೇಲು. ಆದರೆ ಇವತ್ತಿನ ಮಕ್ಕಳು ಅದನ್ನು 'ಕಲ್ಲು ಕರಗು' ಎಂದು ಓದುತ್ತಾರೆ. ನಾಲ್ಕು ಮಕ್ಕಳಿಗೆ ಓದಲು ಕೊಟ್ಟು ನೋಡಿದ್ದೇನೆ. ಇನ್ನು 'ಶಿಲಾಜಿತು' ಎಂದರೆ ಈಗ ಎಲ್ಲರಿಗೂ ಔಷಧದ ಡಬ್ಬಿ ನೆನಪಾಗುತ್ತದೆ. 'ರಾಳ' ಮರದಿಂದ ಬರುವ ಅಂಟು. ಅದನ್ನು ಜೆಫೆತ್‌ಗೆ ಇಟ್ಟರೆ ನನ್ನ ತಕರಾರಿಲ್ಲ, ಹೇಮಾರಿಗೆ ಹೊಂದದು.

ಎಲ್ಲರಿಗೂ ಗೊತ್ತಿರುವ ಪದ ಡಾಂಬರು. ಅದನ್ನೇ ಇಡಿ.

ಡಾಂಬರು ಎಂದರೆ ಈಗಿನ ರಸ್ತೆ ಕಣ್ಣಿಗೆ ಬರುತ್ತದೆ, ಮೋಶೆಯ ಕಾಲಕ್ಕೆ ಹೊಂದುವುದಿಲ್ಲ ಎನ್ನುವವರಿದ್ದಾರೆ. ಅವರಲ್ಲಿ ನನ್ನ ವಿನಂತಿ, ಬಾಬಿಲೋನಿನ ಮೆರವಣಿಗೆ ಬೀದಿಯನ್ನು ನೆನೆಯಿರಿ. ನೆಬೂಕದ್ನೆಚ್ಚರ ದೊರೆಯ ಕಾಲದ ಆ ಬೀದಿಯೂ ಸುಟ್ಟ ಇಟ್ಟಿಗೆ, ಡಾಂಬರಿನದೇ. ಮೊಹೆಂಜೊದಾರೊದ ದೊಡ್ಡ ಸ್ನಾನದ ಕೊಳದಲ್ಲಿ ನೀರು ಇಂಗದಂತೆ ಇಟ್ಟಿಗೆಯ ಹಿಂದೆ ಹಚ್ಚಿದ್ದೂ ಡಾಂಬರೇ. ನಮ್ಮ ರಸ್ತೆಗಳಿಗೆ ಅದು ಬಂದದ್ದು ತೀರ ಈಚೆಗೆ. ಇನ್ನು ಕೆಲವರು, ಕಲ್ಲಿದ್ದಲಿನಿಂದ ತೆಗೆಯುವ ಟಾರಿಗೂ ಡಾಂಬರು ಅನ್ನುತ್ತಾರಲ್ಲ, ಪದ ಖಚಿತವಾಗಿಲ್ಲ ಎನ್ನಬಹುದು. ನಿಜ, ಕೆಲಸದಲ್ಲಿದ್ದ ನನಗೂ ಆ ವ್ಯತ್ಯಾಸ ಗೊತ್ತು. ಆದರೆ ಸೂಜಿ ಇಳಿಸಿ ಅದರ ಗಡಸು ಅಳೆಯುವ ನಮ್ಮ ಪ್ರಯೋಗಾಲಯದವರೂ ಮನೆಗೆ ಹೋಗಿ ಹೇಳುವುದು ಡಾಂಬರು ಎಂದೇ. ತಮಿಳು ಬೈಬಲ್ಲು ಬಾಬೆಲಿನ ಕಥೆಯಲ್ಲಿ 'ನಿಲಕ್ಕೀಲ್' ಎಂದು, ನೆಲದ ಕೀಲು, ಅಂದರೆ ನೆಲದ ಡಾಂಬರು, ಎಂಬ ಅರ್ಥದ ಪದ ಇಟ್ಟಿದೆ. ಪಕ್ಕದ ಮನೆಯವರಿಗೆ ಆದದ್ದು ನಮಗೇಕೆ ಆಗದು?

ಪ್ರಳಯದಲ್ಲಿ ಜೀವಗಳನ್ನು ಉಳಿಸಿದ ನೋಹನ ನಾವೆಯ ಬಗ್ಗೆಯೂ ಒಂದು ಮಾತು. ಆದಿಕಾಂಡ 6:14ರಲ್ಲಿ ನಾವೆಗೆ ಒಳಗೂ ಹೊರಗೂ ಹಚ್ಚಿದ್ದು ಹೇಮಾರ್ ಅಲ್ಲ, 'ಕೋಫೆರ್'. ಹಳೆಯ ಬಾಬಿಲೋನಿನವರ ಅಕ್ಕಾಡಿಯನ್ ಭಾಷೆಯಲ್ಲಿ ಡಾಂಬರಿಗೆ 'ಕುಪ್ರು', ಅದರ ಸೋದರ ಪದ. ಅದೇ ಭಾಷೆಯ ಹಳೆಯ ಗಿಲ್ಗಮೇಶನ ಕಾವ್ಯದಲ್ಲಿ ಪ್ರಳಯದ ದೋಣಿ ಕಟ್ಟುವವನು ಕುಲುಮೆಗೆ ಸುರಿಯುವುದೂ ಕುಪ್ರುವನ್ನೇ. ಇದೇ ಕ-ಪ-ರ ವ್ಯಂಜನಗಳಿಂದ ಪ್ರಾಯಶ್ಚಿತ್ತದ ಪದಗಳೂ, ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಮೇಲಿನ ಮುಚ್ಚಳ, ಕೃಪಾಸನದ ಪದವೂ ಬರುತ್ತವೆ. ಎರಡೂ ಒಂದೇ ಬೇರಿನವು ಎಂದು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಆದರೂ ಹೀಬ್ರೂ ಕೇಳುವವನ ಕಿವಿಗೆ, ನೀರಿನಿಂದ ಕಾಯುವ ಲೇಪಕ್ಕೂ ಪಾಪವನ್ನು ಮುಚ್ಚುವ ಮಾತಿಗೂ ಒಂದೇ ಸದ್ದು. ಅಡಿಟಿಪ್ಪಣಿಯಲ್ಲಿ ಎರಡು ಸಾಲು ಬರೆದರೆ ಓದುಗನಿಗೆ ಎಷ್ಟು ಸಿಗುತ್ತದೆ ನೋಡಿ. ನಾವೆಗೂ ಮೋಶೆಯ ಬುಟ್ಟಿಗೂ ಹೀಬ್ರೂವಿನಲ್ಲಿ ಇರುವುದು 'ತೇವಾ' ಎಂಬ ಒಂದೇ ಪದ, ಬೈಬಲ್ಲಿನಲ್ಲಿ ಅದು ಈ ಎರಡು ಕಥೆ ಬಿಟ್ಟು ಬೇರೆಲ್ಲೂ ಇಲ್ಲ. ಒಂದು ದೊಡ್ಡ ತೇವಾ, ಒಂದು ಪುಟ್ಟ ತೇವಾ, ಎರಡಕ್ಕೂ ಕರಿ ಲೇಪ, ಎರಡರೊಳಗೂ ಉಳಿದ ಜೀವ. ಜೇಡಿಮಣ್ಣು ಈ ನಂಟನ್ನೂ ಅಳಿಸಿಹಾಕುತ್ತದೆ.

ಈ ಎಲ್ಲದರಲ್ಲಿ ನನ್ನ ಮನಸ್ಸಿಗೆ ತೀರ ಹತ್ತಿರದ್ದು ಒಂದಿದೆ. ಇರಾಕಿನ ನದಿಗಳಲ್ಲಿ 'ಕುಫ್ಫ' ಎಂಬ ದುಂಡು ದೋಣಿ ಇತ್ತು, ಹೆಣೆದ ಬುಟ್ಟಿಗೆ ಡಾಂಬರು ಬಳಿದದ್ದು. ಚಿತ್ರ ನೋಡಿದರೆ ಆನೆಗೊಂದಿಯ ದಂಡೆಯಲ್ಲಿ ಬೋರಲು ಹಾಕಿದ ನಮ್ಮ ಹರಿಗೋಲೇ. ಬ್ರಿಟಿಷ್ ಮ್ಯೂಸಿಯಮ್ಮಿನ ಇರ್ವಿಂಗ್ ಫಿಂಕೆಲ್ ಅವರು 2014ರಲ್ಲಿ ಪ್ರಕಟಿಸಿದ ಒಂದು ಹಳೆಯ ಬಾಬಿಲೋನಿಯನ್ ಮಣ್ಣಿನ ಫಲಕದಲ್ಲಂತೂ ಪ್ರಳಯದ ನಾವೆಯೇ ಒಂದು ದೈತ್ಯ ಹರಿಗೋಲು. ಹಗ್ಗ ಸುತ್ತಿ ಹೆಣೆದು, ಡಾಂಬರು ಬಳಿದದ್ದು. ನಮ್ಮಲ್ಲಿ ಮೊದಲು ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಗೋಣಿಯ ಮೇಲೆ ಡಾಂಬರು. ಬೈಬಲ್ಲಿನ ಈ ವಾಕ್ಯವನ್ನು ಕಣ್ಣಾರೆ ಕಂಡು, ಕೈಯಾರೆ ಮಾಡುವ ಜನ ಕನ್ನಡ ಮಾತಾಡುತ್ತಾ ತುಂಗಭದ್ರೆಯ ದಂಡೆಯಲ್ಲಿ ಕೂತಿದ್ದಾರೆ. ಇದೇ ಸೀಮೆಯ ಬಳ್ಳಾರಿಯಲ್ಲಿ ಕೂತು ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು 19ನೇ ಶತಮಾನದ ಮೊದಲ ಭಾಗದಲ್ಲಿ ಕನ್ನಡಕ್ಕೆ ಬೈಬಲ್ಲು ತಂದರು. ಅಷ್ಟು ಕಷ್ಟಪಟ್ಟು ಶುರುವಾದ ಕೆಲಸದಲ್ಲಿ, ಹರಿಗೋಲು ಹಾಕುವವನ ಮಗಳಿಗೆ ತಪ್ಪು ಎಂದು ತಟ್ಟನೆ ತಿಳಿಯುವ ಮಾತು ಇನ್ನೂ ಉಳಿದಿದೆಯಲ್ಲ ಎಂಬುದೇ ನನ್ನ ಸಂಕಟ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಪರಿಷ್ಕರಣೆಯಲ್ಲಿ ಹೇಮಾರ್ ಬರುವ ಮೂರು ವಾಕ್ಯಗಳನ್ನೂ ಒಟ್ಟಿಗೆ ಇಟ್ಟು ನೋಡಿ, ಮೂರಕ್ಕೂ ಒಂದೇ ಕನ್ನಡ ಪದ ಹಾಕಿ. ಡಾಂಬರು ಬೇಡ, ಕಲ್ಲರಗೇ ಇರಲಿ ಎಂದು ತಮ್ಮ ಸಮಿತಿ ತೀರ್ಮಾನಿಸಿದರೆ ಅದನ್ನೂ ಒಪ್ಪುತ್ತೇನೆ, ಆದರೆ ಕೆಳಗೆ 'ಡಾಂಬರು' ಎಂದು ಟಿಪ್ಪಣಿ ಇರಲಿ. ಮಣ್ಣು ಮಾತ್ರ ಎಲ್ಲೂ ಬೇಡ. ಕೋಫೆರ್, ತೇವಾ ಎರಡಕ್ಕೂ ಅಡಿಟಿಪ್ಪಣಿ ಕೊಡಿ. ಪಾಠಪುಸ್ತಕದ ಸಂಪಾದಕರು ಬೈಬಲ್ಲಿನ ಪರಿಷ್ಕರಣೆಗೆ ಕಾಯಬೇಕಿಲ್ಲ. ಜೂನಿಗೆ ಹೊಸ ಪ್ರತಿಗಳು ಅಚ್ಚಿಗೆ ಹೋಗುವ ಮೊದಲು ಆ ಒಂದು ಸಾಲು ತಿದ್ದಬಹುದು. ಈಗಾಗಲೇ ಹಂಚಿರುವ ಪ್ರತಿಗಳಿಗೆ ಒಂದು ತಿದ್ದುಪಡಿ ಚೀಟಿ ಕಳಿಸಿದರೆ, ನಮ್ಮ ಸುತ್ತಲಿನ ಸಭೆಗಳಿಗೆ ನಾನೇ ಸೈಕಲ್ ಮೇಲೆ ಹಂಚಿ ಬರುತ್ತೇನೆ.

ಇನ್ನೊಂದು. ದೋಣಿ, ನೇಗಿಲು, ಮಗ್ಗ, ಕುಲುಮೆಯ ಮಾತು ಬಂದಾಗ ಆ ಕೆಲಸ ಮಾಡುವವರನ್ನು ಕರೆದು ಕೂರಿಸಿಕೊಂಡು ಓದಿ ಕೇಳಿಸಿ. ಹೀಬ್ರೂ ಬಲ್ಲವರು ತಮ್ಮಲ್ಲಿದ್ದಾರೆ, ಬಿದಿರು ಸೀಳುವವರೂ ಇದ್ದರೆ ಒಳ್ಳೆಯದು. ಮಳೆ ನಿಂತು ನದಿ ಇಳಿದ ಮೇಲೆ ಇಲ್ಲಿ ಹರಿಗೋಲುಗಳನ್ನು ದಂಡೆಗೆ ಎಳೆದು ಡಾಂಬರು ಬಳಿಯುತ್ತಾರೆ. ತಮ್ಮಲ್ಲಿ ಯಾರಾದರೂ ಬರುವುದಾದರೆ ನಮ್ಮ ಮನೆಯಲ್ಲೇ ಇಳಿದುಕೊಳ್ಳಿ. ಆ ಹುಡುಗಿಯ ಅಪ್ಪನಿಗೆ ಹೇಳಿ ಇಟ್ಟಿದ್ದೇನೆ, ತಾವು ಬರುವ ದಿನ ಡಬ್ಬಿ ಒಲೆಯ ಮೇಲೆ ಇರುತ್ತದೆ.

ತಮ್ಮ ಉತ್ತರಕ್ಕೆ ಕಾಯುತ್ತಿರುವ,
ಹೊಸಪೇಟೆಯ ಒಬ್ಬ ಸಂಡೇ ಸ್ಕೂಲ್ ಮೇಷ್ಟ್ರು